ಚೊಚ್ಚಲ ಬಾಣಂತನಕ್ಕೆ ತವರಿಗೆ ಯಾಕೆ ಹೋಗಲಿಲ್ಲ?

ದಾವಣಗೆರೆಯ ನಮ್ಮ ಓಣಿಯವರು, ಆಫೀಸಿನವರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರೂ ಕೇಳಿದ್ದಾರೆ: ‘ಚೊಚ್ಚಲ ಬಾಣಂತನಕ್ಕೆ ತವರಿಗೆ ಯಾಕವ್ವ ಹೋಗ್ಲಿಲ್ಲ?’ ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇರುತ್ತದೆ. ತವರಿನವರಿಗೆ ಕೈಲಾಗಲಿಲ್ಲ, ಇಲ್ಲವೇ ಅತ್ತೆ ಕಳಿಸಲಿಲ್ಲ. ಎರಡೂ ಅಲ್ಲ. ಮಗಳ ಹತ್ತಿರ ಅವಳ ಅಪ್ಪ ಮೊದಲ ದಿನದಿಂದ ಇರಲಿ ಎಂದೇ ನಾನು ಹೋಗಲಿಲ್ಲ.

ತವರಿನ ಬಾಣಂತನವನ್ನು ನಾನು ಹಗುರವಾಗಿ ಕಾಣುವವಳಲ್ಲ. ಎಣ್ಣೆ ತಿಕ್ಕಿ ಬಿಸಿ ಬಿಸಿ ಹಂಡೆ ನೀರು ಹುಯ್ಯುವುದು, ಲೋಬಾನದ ಹೊಗೆ, ಮೆಣಸಿನ ಸಾರು, ಅಂಟಿನುಂಡೆ. ಹೆತ್ತ ಮೈಗೆ ಬೇಕಾದ ವಿಶ್ರಾಂತಿ ಗಂಡನ ಮನೆಯಲ್ಲಿ ಸೊಸೆಗೆ ಸಿಗುವುದಿಲ್ಲ ಎಂದು ಬಲ್ಲ ಹೆಂಗಸರು ಮಾಡಿಕೊಂಡ ಏರ್ಪಾಡು ಅದು. ಆದರೆ ಆ ಮೂರೋ ಐದೋ ತಿಂಗಳು ಅಪ್ಪ ಎಲ್ಲಿರುತ್ತಾನೆ? ಭಾನುವಾರ ಬಸ್ಸು ಹಿಡಿದು ಬರುತ್ತಾನೆ, ಮಾವನ ಮನೆಯ ಪಡಸಾಲೆಯಲ್ಲಿ ಕೂರುತ್ತಾನೆ, ಬಟ್ಟೆ ಸುತ್ತಿ ಕೈಗಿಟ್ಟ ಕೂಸನ್ನು ಸ್ವಲ್ಪ ಹೊತ್ತು ಎತ್ತಿಕೊಂಡು, ಉಂಡು ಹೊರಡುತ್ತಾನೆ. ಹೆಂಡತಿ ಮನೆಗೆ ಮರಳುವಷ್ಟರಲ್ಲಿ ಹಸಿವಿನ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂದು ಅವಳಿಗೆ ಗೊತ್ತಾಗಿರುತ್ತದೆ. ಅವನಿಗೆ ಕೂಸಿನ ಕತ್ತಿಗೆ ಕೈ ಆನಿಸಿ ಹಿಡಿಯುವುದೂ ಬಂದಿರುವುದಿಲ್ಲ. ಆಮೇಲೆ ‘ಗಂಡಸರಿಗೆ ಇದೆಲ್ಲ ಬರಲ್ಲ’ ಎನ್ನುತ್ತೇವೆ. ಬರುವುದು ಹೇಗೆ? ಕಲಿಯುವ ಕಾಲದಲ್ಲಿ ಅವನನ್ನು ದೂರ ಇಟ್ಟವರು ನಾವೇ.

ಹಾಗಾಗಿ ಅಮ್ಮನೇ ಹೊಸದುರ್ಗದಿಂದ ವಿದ್ಯಾನಗರದ ನಮ್ಮ ಬಾಡಿಗೆ ಮನೆಗೆ ಬಂದರು. ಅಷ್ಟು ದಿನ ಅಪ್ಪ ಚಿಕ್ಕಪ್ಪನ ಮನೆಯಲ್ಲಿ ಉಂಡರು. (ಅಮ್ಮ ತನ್ನ ಮನೆ ಬಿಟ್ಟು ಬಂದದ್ದರ ಬಗ್ಗೆ ಯಾರೂ ಏನೂ ಕೇಳುವುದಿಲ್ಲ.) ಅಳಿಯನ ಕೈಯಲ್ಲಿ ಕೂಸಿನ ಬಟ್ಟೆ ಒಗೆಸಲು ಅಮ್ಮನಿಗೆ ಮೊದಮೊದಲು ತೀರಾ ಸಂಕೋಚ. ಬರಬರುತ್ತಾ, ಕಾಲ ಮೇಲೆ ಬೋರಲು ಮಲಗಿಸಿಕೊಂಡು ನೀರು ಹಾಕುವುದನ್ನು ಅವರೇ ಕಲಿಸಿದರು.

ಇನ್ನು ರಜೆಯ ಮಾತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ, ಮೊದಲ ಎರಡು ಹೆರಿಗೆಗೆ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ನಾನು ದುಡಿಯುವುದು ಪಿ.ಜೆ. ಬಡಾವಣೆಯ ಒಂದು ಆಡಿಟ್ ಕಚೇರಿಯಲ್ಲಿ, ರಜೆ ಪೂರ್ತಿ ಸಿಕ್ಕಿತು. ಅಪ್ಪನಿಗೆ ಆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ನಮ್ಮ ಯಜಮಾನರು ಕೇಂದ್ರ ಸರ್ಕಾರಿ ನೌಕರರಾದ್ದರಿಂದ ಅವರಿಗೆ 15 ದಿನ ಪಿತೃತ್ವ ರಜೆ ಇತ್ತು. ಅದನ್ನು ಹೆರಿಗೆಯ ಹೊತ್ತಿಗೇ ತೆಗೆದುಕೊಳ್ಳಬೇಕೆಂದಿಲ್ಲ, ಆರು ತಿಂಗಳ ಒಳಗೆ ಆದರೆ ಸಾಕು. ನಾವು ಉಳಿಸಿಟ್ಟೆವು. ನನ್ನ ರಜೆಯ ಕೆಲವು ವಾರ ಹೆರಿಗೆಗೆ ಮುಂಚೆಯೇ ಹೋಗಿದ್ದರಿಂದ ಮಗಳಿಗೆ ಆರು ತಿಂಗಳು ತುಂಬುವ ಮೊದಲೇ ನಾನು ಕೆಲಸಕ್ಕೆ ಮರಳಿದೆ. ಅದೇ ದಿನ ಅವರ ರಜೆ ಶುರು. ಅಮ್ಮ ಊರಿಗೆ ಹೋಗಿದ್ದರು, ಅತ್ತೆ ಇನ್ನೂ ಬಂದಿರಲಿಲ್ಲ, ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ. ಆ ಹೊತ್ತಿಗೆ ಅವರು ಆಟೋದಲ್ಲಿ ಅವಳನ್ನು ಕಚೇರಿಗೆ ಕರೆತರುತ್ತಿದ್ದರು. ಮೊದಲೆರಡು ದಿನ ನನಗೆ ಫೋನಿನ ಮೇಲೆ ಫೋನು. ಆಮೇಲೆ ನಿಂತಿತು.

15 ದಿನ ಏನೇನೂ ಸಾಲದು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಅದು ಅಪ್ಪಂದಿರಿಗೂ ಸಿಗಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲದ ಕಡೆ 26 ವಾರದ ಸಂಬಳದ ಹೊರೆ ಪೂರ್ತಿ ಮಾಲೀಕನದು, ಹಾಗಾಗಿ ಸಂದರ್ಶನದಲ್ಲಿ ಹುಡುಗಿಯರಿಗೆ ಮಾತ್ರ ‘ಮದುವೆ ಯಾವಾಗ?’ ಎಂಬ ಪ್ರಶ್ನೆ. ರಜೆ ಇಬ್ಬರಿಗೂ ಇದ್ದರೆ ಆ ಪ್ರಶ್ನೆ ಅವಳೊಬ್ಬಳ ಮೇಲೆ ಬೀಳುವುದಿಲ್ಲ.

ನನಗೆ ರಜೆಯಾದರೂ ಇತ್ತು. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ದಿನಗೂಲಿಗೆ ದುಡಿಯುವ ಹೆಂಗಸು ಮನೆಯಲ್ಲಿ ಕೂತ ದಿನ ಕೂಲಿ ಇಲ್ಲ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ 5,000 ರೂಪಾಯಿ ಎಷ್ಟು ದಿನ ಬಂದೀತು? ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆಂದು 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ಅಂಥ ಮನೆಗಳು ಭಟ್ಟಿಗಳ ಪಕ್ಕದಲ್ಲೂ ಆಗಬೇಕು.

ತವರಿಗೇ ಹೋಗುತ್ತೇನೆ ಎನ್ನುವವರಿಗೆ ಬೇಡ ಎನ್ನಲಾರೆ. ಒಂದನ್ನಂತೂ ಹೇಳುತ್ತೇನೆ: ಗಂಡನಿಗೆ ರಜೆ ಇದ್ದು ನಿಯಮ ಒಪ್ಪಿದರೆ, ಆಸ್ಪತ್ರೆಯ ಓಡಾಟಕ್ಕೆ ಅದನ್ನು ಮುಗಿಸಬೇಡಿ, ನೀವು ಕೆಲಸಕ್ಕೆ ಮರಳುವ ವಾರಕ್ಕೆ ಇಟ್ಟುಕೊಳ್ಳಿ. ರಜೆಯೇ ಇಲ್ಲದವನಾದರೆ ಭಾನುವಾರ ಉಂಡು ಹೋಗಲು ಬಿಡದೆ ಶನಿವಾರ ರಾತ್ರಿಯೇ ಕರೆಸಿ, ಆ ರಾತ್ರಿ ಕೂಸನ್ನು ಅವನ ಪಕ್ಕದಲ್ಲಿ ಮಲಗಿಸಿ.