ಬಣ್ಣ ಬಳಿದಾದ ಮೇಲೆ ಗೊತ್ತಾಯಿತು

ಹಲ್ ಬರುವ ಹಿಂದಿನ ದಿನ ಅಮ್ಮನಿಗೆ ಹೇಳಿದೆ, “ನಾಳೆ ಹಲ್ ಬರುತ್ತೆ.” “ಈ ವಯಸ್ಸಲ್ಲಾ? ಡಾಕ್ಟರಿಗೆ ತೋರಿಸು,” ಎಂದರು. ಬುದ್ಧಿಹಲ್ಲು ಎಂದುಕೊಂಡಿದ್ದರು. ಮರುದಿನ ಆಳಿಗಿಂತ ಉದ್ದದ ಪೆಟ್ಟಿಗೆ ಮನೆ ಮುಂದೆ ಇಳಿದಾಗಲೇ ಅವರಿಗೆ ವಿಷಯ ಗೊತ್ತಾಗಿದ್ದು. ಅಪ್ಪ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, “ಇದರಲ್ಲಿ ಏನೂ ಇಲ್ವಲ್ಲೋ,” ಎಂದರು. ನಿಜ, ಏನೂ ಇರಲಿಲ್ಲ. ನಾನು ಹೇಳಿದ ಹಲ್ ಅಂದರೆ ಇದೇ, ಖಾಲಿ ಫೈಬರ್‌ಗ್ಲಾಸ್ ಒಡಲು. ಬೋಲ್ಟಿಗೆ ಒಂದು ತೂತು ಕೂಡ ಕೊರೆದಿರಲಿಲ್ಲ.

ನಾನು ಕಟ್ಟಲು ಹೊರಟಿದ್ದು ನಿಂತು ಓಡಿಸುವ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕಿನಂಥ ಗಾಡಿ. ಈಗ ಎಲ್ಲರೂ ನೋಡಿರುವುದು ಸೀಟಿನ ಮೇಲೆ ಕೂತು ಓಡಿಸುವಂಥದ್ದು. ಆದರೆ 1973ರಲ್ಲಿ ಕವಾಸಾಕಿ ಜೆಟ್ ಸ್ಕೀ ಎಂಬ ಹೆಸರಿನಲ್ಲಿ ಮಾರಿದ್ದು ನಿಂತು ಓಡಿಸುವುದನ್ನೇ. ಅದನ್ನು ರೂಪಿಸಿದ ಕ್ಲೇಟನ್ ಜೇಕಬ್ಸನ್ ಮೋಟೋಕ್ರಾಸ್ ಎಂಬ ಮಣ್ಣುದಾರಿಯ ಬೈಕ್ ರೇಸಿನ ಹುಚ್ಚಿನವರು. ನೆಲಕ್ಕೆ ಬಿದ್ದು ಮೈ ತರಚಿಸಿಕೊಳ್ಳುವ ಬದಲು ನೀರಿಗೆ ಬೀಳುವ ಬೈಕ್ ಇದ್ದರೆ ಹೇಗೆ ಎಂಬ ಆಸೆ ಅದು. ಆಸೆ ಒಳ್ಳೆಯದೇ. ಬೀಳುವುದಂತೂ ತಪ್ಪಲಿಲ್ಲ.

ನನ್ನ ಹತ್ತಿರ ಇದ್ದದ್ದು 1996ರ ಒಂದು ಯಮಹಾ ಸೂಪರ್‌ಜೆಟ್, ಅದೂ ನಿಂತು ಓಡಿಸುವುದೇ. ಅದರ ಮೂತಿ ಬಿರುಕು ಬಿಟ್ಟಿತ್ತು, ಎಂಜಿನ್ ಚೆನ್ನಾಗಿತ್ತು. ಎರಡು ಸಿಲಿಂಡರಿನ ಟೂ-ಸ್ಟ್ರೋಕ್, 701 ಸಿಸಿ. ಹಳೆಯದರ ಎಂಜಿನ್, ಪಂಪ್, ಹ್ಯಾಂಡಲ್, ವೈರಿಂಗ್ ಎಲ್ಲ ಬಿಚ್ಚಿ ಹೊಸ ಹಗುರ ಒಡಲಿಗೆ ಕೂರಿಸುವುದು ಪ್ಲ್ಯಾನ್. ಬಿಚ್ಚುವುದು ಒಂದು ವಾರ, ಜೋಡಿಸುವುದು ಒಂದು ತಿಂಗಳು ಎಂದು ಬರೆದಿಟ್ಟಿದ್ದೆ. ಆ ಚೀಟಿ ಇನ್ನೂ ಇದೆ, ಯಾರಿಗೂ ತೋರಿಸುವುದಿಲ್ಲ.

ಮೊದಲು ಮಾಡಿದ ಕೆಲಸ ಬಣ್ಣ ಬಳಿದದ್ದು. ನಗಬೇಡಿ. ಬರೀ ಒಡಲು ಬೋಳುಬೋಳಾಗಿ ಕಾಣುತ್ತಿತ್ತು. ಹೊರಗೆ ಹಸಿರು, ಒಳಗೆಲ್ಲ ಬಿಳಿ. ಎಣ್ಣೆ ಸೋರಿದರೆ ಬಿಳಿಯ ಮೇಲೆ ಬೇಗ ಕಾಣುತ್ತದೆ ಎಂಬ ಬುದ್ಧಿವಂತಿಕೆ ಬೇರೆ. ಮೂರು ಕೋಟ್. ತಂಗಿ ಫೋಟೊ ತೆಗೆದು ಎಲ್ಲರಿಗೂ ಕಳಿಸಿದಳು. “ಮುಗೀತಾ?” ಎಂದು ಕೇಳಿದವರಿಗೆ “ಹೆಚ್ಚುಕಮ್ಮಿ” ಎಂದೆ.

ಆಮೇಲೆ ಎಂಜಿನ್ ಕೂರಿಸಲು ಹೋದೆ.

ಜೆಟ್ ಸ್ಕೀಯಲ್ಲಿ ಗೇರ್ ಇಲ್ಲ, ಚೈನ್ ಇಲ್ಲ. ಎಂಜಿನ್ನಿಂದ ಒಂದು ಉದ್ದನೆಯ ಶಾಫ್ಟ್ ನೇರವಾಗಿ ಹಿಂದಿನ ಪಂಪಿಗೆ ಹೋಗುತ್ತದೆ. ಪಂಪಿನೊಳಗಿನ ಇಂಪೆಲರ್ ಎಂಬ ರೆಕ್ಕೆಚಕ್ರ ಕೆಳಗಿನಿಂದ ನೀರು ಎಳೆದು ಹಿಂದಕ್ಕೆ ಚಿಮ್ಮಿಸುತ್ತದೆ, ಗಾಡಿ ಮುಂದೆ ಹೋಗುತ್ತದೆ. ಅಷ್ಟೇ. ಎಂಜಿನ್ನಿಗೂ ಶಾಫ್ಟಿಗೂ ನಡುವೆ ಎರಡನ್ನೂ ಜೋಡಿಸುವ ಹಲ್ಲು ಹಲ್ಲಿನ ಎರಡು ಬಿಲ್ಲೆ, ಅಂದರೆ ಕಪ್ಲರ್, ಮಧ್ಯೆ ಒಂದು ರಬ್ಬರ್. (ಇಲ್ಲಿ ನಿಜಕ್ಕೂ ಹಲ್ಲು, ಅಮ್ಮಾ.) ಎರಡೂ ಒಂದೇ ಗೆರೆಯಲ್ಲಿ ಇರಬೇಕು. ಇಲ್ಲದಿದ್ದರೆ ಎಂಜಿನ್ ನಡುಗುತ್ತದೆ, ರಬ್ಬರ್ ಪುಡಿಯಾಗುತ್ತದೆ, ಶಾಫ್ಟ್ ಮಧ್ಯದ ಬೇರಿಂಗ್ ಹೋಗುತ್ತದೆ. ಬೇರಿಂಗ್ ಹೋದರೆ ಅದರ ಸೀಲ್ ಮೂಲಕ ನೀರು ಒಳಗೆ ಬರುತ್ತದೆ.

ಕಾರ್ಖಾನೆಯ ಒಡಲಿನಲ್ಲಿ ಎಂಜಿನ್ ಬೋಲ್ಟುಗಳ ಜಾಗ ಮೊದಲೇ ನಿಗದಿಯಾಗಿರುತ್ತದೆ. ನನ್ನದರಲ್ಲಿ ಅದು ಇರಲಿಲ್ಲ. ಮೊದಲು ಪಂಪ್ ಬಿಗಿದು, ಶಾಫ್ಟ್ ಹಾಕಿ, ಅದು ತೋರಿಸುವ ಕಡೆಗೆ ಎಂಜಿನ್ ಹಿಡಿದು, ಆ ಜಾಗದಲ್ಲೇ ಎಂಜಿನ್ ಕೂರುವ ಮೌಂಟ್ ಪ್ಲೇಟುಗಳನ್ನು ಎಪಾಕ್ಸಿಯಲ್ಲಿ, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ಅಂಟಿನಲ್ಲಿ, ಅಂಟಿಸಬೇಕು. ಅಂಟಿಸುವ ಕಡೆಯೆಲ್ಲ ಈಗ ನನ್ನ ಮೂರು ಕೋಟ್ ಬಿಳಿ ಬಣ್ಣ. ಬಣ್ಣದ ಮೇಲೆ ಎಪಾಕ್ಸಿ ಹಾಕಿದರೆ ಅದು ಬಣ್ಣವನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಒಡಲನ್ನಲ್ಲ. ಬಣ್ಣ ಎದ್ದ ದಿನ ಎಂಜಿನ್ನೂ ಏಳುತ್ತದೆ.

ಎರಡು ಭಾನುವಾರ ಒಡಲಿನೊಳಗೆ ತಲೆ ಹಾಕಿಕೊಂಡು ಬಣ್ಣ ಕೆರೆದೆ. 80 ನಂಬರಿನ ಸ್ಯಾಂಡ್‌ಪೇಪರ್, ಮುಖಕ್ಕೆ ರೆಸ್ಪಿರೇಟರ್, ತುಂಬುತೋಳಿನ ಅಂಗಿ. ಮೊದಲ ಭಾನುವಾರ ಅಂಗಿಯ ತೋಳು ಮಡಚಿದ್ದೆ. ಗಾಜಿನ ಪುಡಿ ಮೈಗೆ ಹತ್ತಿದರೆ ಹೇಗೆ ಕಡಿಯುತ್ತದೆ ಎಂದು ಆ ರಾತ್ರಿ ಗೊತ್ತಾಯಿತು. ತುರಿಸಬಾರದು, ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳಬೇಕು. ನಾನು ತುರಿಸಿಕೊಂಡೆ.

ಎಪಾಕ್ಸಿಯದೂ ಒಂದು ಕತೆ. ಪದೇ ಪದೇ ಕಲಸುವುದು ಯಾಕೆ ಎಂದು ಒಂದೇ ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ಕೆಜಿ ಕಲಸಿದೆ. ಹತ್ತು ನಿಮಿಷಕ್ಕೆ ಮಗ್ ಕೈ ಸುಡುತ್ತಿತ್ತು. ಇನ್ನೊಂದು ನಿಮಿಷಕ್ಕೆ ಹೊಗೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಗುಡ್ಡೆಯಾಗಿದ್ದರೆ ಆ ಬಿಸಿ ಹೊರಗೆ ಹೋಗುವುದಿಲ್ಲ, ಬಿಸಿಯಾದಷ್ಟೂ ಇನ್ನೂ ಬೇಗ ಗಟ್ಟಿಯಾಗುತ್ತದೆ. ಓಡಿ ಅಂಗಳದ ಕಲ್ಲಿನ ಮೇಲಿಟ್ಟೆ. ಮಗ್ ಸೊಟ್ಟಗಾಗಿ ಕೂತುಬಿಟ್ಟಿತು. ಈಗ ಸ್ವಲ್ಪಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಗೆ ಹರಡಿಕೊಳ್ಳುತ್ತೇನೆ.

ಗೆರೆ ಹಿಡಿಯುವ ದಿನ ಅಪ್ಪ ಬಂದರು. ಅವರು ಕೆಲಸದಲ್ಲಿದ್ದಾಗ ಪಂಪುಗಳನ್ನು ಮೋಟರಿಗೆ ಜೋಡಿಸಿದವರು. ಜೆಟ್ ಸ್ಕೀ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. “ಇದು ಪಂಪ್ ಸೆಟ್ಟೇ ಕಣೋ, ಮಲಗಿಸಿದ್ದಾರೆ ಅಷ್ಟೇ,” ಎಂದರು. ಕಪ್ಲರುಗಳ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಹಿಂದಿನಿಂದ ಟಾರ್ಚ್ ಹಿಡಿಯಲು ಹೇಳಿದರು. ಸ್ಕೇಲಿನ ಕೆಳಗೆ ಬೆಳಕು ಕಂಡರೆ ಆ ಕಡೆ ತಗ್ಗು. ಮೇಲೊಮ್ಮೆ, ಪಕ್ಕದಲ್ಲೊಮ್ಮೆ. ನಂತರ ಎರಡರ ನಡುವಿನ ಸಂದು. ಅದು ಸುತ್ತ ಒಂದೇ ಸಮ ಇರಬೇಕು. ನಮಗೆ ಮೇಲೆ 3 ಮಿಮೀ, ಕೆಳಗೆ 4 ಬಂತು. ಅಂದರೆ ಎಂಜಿನ್ ಮೂತಿ ಎತ್ತಿಕೊಂಡಿದೆಯೋ ಇಳಿಸಿಕೊಂಡಿದೆಯೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಅಪ್ಪ ಅರ್ಧ ಮಿಲಿಮೀಟರಿನ ಶಿಮ್ (ಸಂದಿಗೆ ಕೊಡುವ ತೆಳು ತಗಡು) ತಳ್ಳಿ ಆಗಿತ್ತು. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತದೆ. ಬೋಲ್ಟ್ ಬಿಗಿದರೆ ಮತ್ತೆ ಸರಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು, ದೀಪ ಹಾಕುವ ಹೊತ್ತಿಗೆ ಸ್ಕೇಲಿನ ಕೆಳಗಿನ ಬೆಳಕು ಹೋಯಿತು. ಎಂಜಿನ್ ಹಾಗೇ ಇರುವಂತೆ ಪ್ಲೇಟುಗಳಿಗೆ ಎಪಾಕ್ಸಿ ತುಂಬಿ, ಎರಡು ದಿನ ಯಾರೂ ಆ ಕಡೆ ಹೋಗಬಾರದು ಎಂದು ಅಪ್ಪನೇ ಹಗ್ಗ ಕಟ್ಟಿದರು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪೆಟ್ರೋಲ್ ಟ್ಯಾಂಕ್, ವೈರಿಂಗ್, ಸ್ಟೀರಿಂಗ್ ಕೇಬಲ್ ಎಲ್ಲ ಹಳೆಯದರಿಂದ ಬಂದವು. ಹೆಚ್ಚು ತೊಂದರೆ ಕೊಡಲಿಲ್ಲ. ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗಿನ ಗೂಡಿನ, ಗಾಳಿ ಪರೀಕ್ಷೆ ಮಾತ್ರ ಬಿಡಬೇಡಿ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್, ಗಾಳಿ, ಎಣ್ಣೆ ಮೂರೂ ಕ್ರ್ಯಾಂಕ್‌ಕೇಸ್ ಮೂಲಕವೇ ಹೋಗುತ್ತವೆ. ಅಲ್ಲಿ ಸೀಲ್ ಸೋರಿ ಹೊರಗಿನ ಗಾಳಿ ಸೇರಿದರೆ ಪೆಟ್ರೋಲ್ ಸಾಲದೆ, ಬಿಸಿ ಜಾಸ್ತಿಯಾಗಿ ಪಿಸ್ಟನ್ ಕರಗುತ್ತದೆ. ಬಾಯಿಗಳನ್ನೆಲ್ಲ ಮುಚ್ಚಿ 8 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿ, ಮೀಟರಿನ ಮುಳ್ಳು ನಿಲ್ಲುತ್ತದಾ ನೋಡಿದೆ. ನಿಲ್ಲಲಿಲ್ಲ. ಸೋಪಿನ ನೀರು ಬಳಿದಾಗ ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್ಟಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಮುಳ್ಳು ಕದಲಲಿಲ್ಲ.

ಮನೆಯಲ್ಲೇ ಎಂಜಿನ್ ತಂಪಿಗೆ ನೀರಿನ ಪೈಪ್ ಹಚ್ಚಿ ಚಾಲೂ ಮಾಡುವಾಗ ಒಂದು ಕ್ರಮ ಇದೆ. ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದು ಸೈಲೆನ್ಸರ್ ತುಂಬಿಕೊಂಡು ಸಿಲಿಂಡರಿಗೇ ಬರುತ್ತದೆ. ನಲ್ಲಿಯ ಹತ್ತಿರ ತಂಗಿ, ಬಟನ್ ಹತ್ತಿರ ನಾನು. ಪೆಟ್ರೋಲ್ ಲೀಟರಿಗೆ 20 ಮಿಲಿ ಎಣ್ಣೆ, ಅಂದರೆ 50ಕ್ಕೆ 1. ಮೂರನೇ ಸಲಕ್ಕೆ ಎದ್ದಿತು. ಆ ಸದ್ದಿಗೆ ಅಮ್ಮ ಹೊರಗೆ ಬಂದು, “ಇದನ್ನ ದಿನಾ ಹಚ್ತೀಯಾ?” ಎಂದಷ್ಟೇ ಕೇಳಿ ಒಳಗೆ ಹೋದರು. ಅಪ್ಪ ಎಂಜಿನ್ ಮೇಲೆ ಕೈ ಇಟ್ಟು ನಿಂತಿದ್ದರು. ನಡುಕ ಇರಲಿಲ್ಲ.

ನೀರಿಗೆ ಇಳಿಸಿದ್ದು ಗಾಳಿಯಿಲ್ಲದ ಒಂದು ಬೆಳಿಗ್ಗೆ. ಸೊಂಟದ ಆಳಕ್ಕೆ ತಳ್ಳಿಕೊಂಡು ಹೋದೆ. ಕಮ್ಮಿ ನೀರಿನಲ್ಲಿ ಹಚ್ಚಿದರೆ ಪಂಪ್ ಮರಳು, ಕಲ್ಲು ಎಲ್ಲ ಎಳೆದುಕೊಳ್ಳುತ್ತದೆ. ಲೈಫ್ ಜಾಕೆಟ್ ಹಾಕಿ, ಎಂಜಿನ್ ನಿಲ್ಲಿಸುವ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡೆ. ಇಂಥ ಗಾಡಿ ನಿಂತಿರುವಾಗ ಮೇಲೆ ನಿಲ್ಲಲು ಆಗುವುದಿಲ್ಲ, ಮಗುಚುತ್ತದೆ. ಹೊಟ್ಟೆಯ ಮೇಲೆ ಎಳೆಸಿಕೊಂಡು, ವೇಗ ಬಂದ ಮೇಲೆ ಮಂಡಿ, ಆಮೇಲೆ ಕಾಲು. ಹತ್ತು ಸಲ ಬಿದ್ದೆ. ಬಿದ್ದಾಗಲೆಲ್ಲ ಹಗ್ಗ ಎಳೆದು ಎಂಜಿನ್ ನಿಂತಿತು. ಹನ್ನೊಂದನೇ ಸಲ ಎದ್ದು ನಿಂತೆ. ಎಷ್ಟು ದೂರ ಹೋದೆನೋ ಗೊತ್ತಿಲ್ಲ. ತಂಗಿ ವಿಡಿಯೊ ಮಾಡುತ್ತೇನೆ ಎಂದವಳು ಕಿರುಚಾಟದಲ್ಲಿ ಬಟನ್ ಒತ್ತಿರಲಿಲ್ಲ.

ದಡಕ್ಕೆ ತಂದು ಮುಚ್ಚಳ ತೆಗೆದು ನೋಡಿದರೆ ಒಳಗೆ ಒಂದು ಲೋಟದಷ್ಟು ನೀರು. ಅಪ್ಪ ಟಾರ್ಚ್ ಹಿಡಿದು ಬಗ್ಗಿದರು. ಕಪ್ಲರ್ ಕಡೆ ಒಣಗಿತ್ತು, ಬೇರಿಂಗ್ ಸುತ್ತಲೂ ಒಣಗಿತ್ತು. ನೀರು ಬರುತ್ತಿದ್ದುದು ಹಿಂದೆ, ತಳದ ಪ್ಲೇಟಿನ ಒಂದು ಬೋಲ್ಟಿನಿಂದ. ಆ ಬೋಲ್ಟಿಗೆ ನಾನು ನೀರು ತಡೆಯುವ ಸೀಲಂಟ್ ಹಾಕಿರಲಿಲ್ಲ. ಹಸಿರು ಬಣ್ಣದ ಮೇಲೆ ಮೆತ್ತಿಕೊಂಡು ಅಸಹ್ಯ ಕಾಣುತ್ತದೆ ಎಂದು ಬಿಟ್ಟಿದ್ದೆ.