ಶೇಡ್ ಕಾರ್ಡಿಗಿಂತ ಮೊದಲು ಪಾರ್ಟಿನ ಒಳಮೈ ನೋಡಿ

ಬೈಕಿನ ಬಣ್ಣ ಬದಲಿಸಲು ಹೊರಟವರು ಮೊದಲು ಶೇಡ್ ಕಾರ್ಡ್ ಹಿಡಿದು ಕೂರುತ್ತಾರೆ. ನಮ್ಮ ಮಂಗಳೂರು, ಉಡುಪಿ ಕಡೆ ಬಣ್ಣ ಗುಳ್ಳೆ ಎದ್ದು ಕಿತ್ತು ಬರುವುದು ಹೆಚ್ಚಾಗಿ ಶೇಡಿನ ದೋಷದಿಂದಲ್ಲ, ಅದರ ಕೆಳಗಿರುವ ಪಾರ್ಟಿನಿಂದ. ಆದ್ದರಿಂದ ಬೈಕಿನ ಜತೆ ಬಂದ ಕಂಪನಿ ಸೆಟ್ಟಿಗೆ (ಟ್ಯಾಂಕ್, ಪ್ಯಾನೆಲ್, ಮಡ್‌ಗಾರ್ಡ್) ಕೈ ಹಾಕಬೇಡಿ. ಇನ್ನೊಂದು ಸೆಟ್ ಕೊಂಡು ಅದಕ್ಕೆ ಬಣ್ಣ ಹೊಡೆಸಿ, ಅದು ಸಿದ್ಧವಾದ ಮೇಲೆ ಕಂಪನಿಯದನ್ನು ಬಿಚ್ಚಿ, ಬಟ್ಟೆ ಸುತ್ತಿ ಅಟ್ಟದಲ್ಲಿಡಿ. ಪೇಂಟರ್ ಹತ್ತು ದಿನ ತೆಗೆದುಕೊಂಡರೂ ಬೈಕ್ ಓಡುತ್ತಿರುತ್ತದೆ, ಮಾರುವಾಗ ಹಳೆಯ ಸೆಟ್ ಮತ್ತೆ ಏರಿಸಬಹುದು.

ಹೆಚ್ಚು ಜನ ಎಡವುವುದು ಟ್ಯಾಂಕಿನಲ್ಲಿ. ಮಾಡೆಲ್ ಹೆಸರು ಒಂದೇ ಇದ್ದ ಮಾತ್ರಕ್ಕೆ ಟ್ಯಾಂಕ್ ಕೂರುವುದಿಲ್ಲ. ಕಾರ್ಬುರೇಟರ್ ಬೈಕಿನ ಟ್ಯಾಂಕಿಗೆ ಪೆಟ್ರೋಲ್ ಕಾಕ್‌ನ ತೂತು, ಇಂಜೆಕ್ಷನ್ ಬೈಕಿನದಕ್ಕೆ ತಳದಲ್ಲಿ ಪಂಪ್ ಕೂರುವ ದೊಡ್ಡ ಬಾಯಿ. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದಾಗ ಎಷ್ಟೋ ಮಾಡೆಲ್‌ಗಳು ಇಂಜೆಕ್ಷನ್‌ಗೆ ಹೋದವು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 2021ರಲ್ಲಿ ಫ್ರೇಮ್ ಕೂಡ ಬದಲಾಯಿತು, ಹಿಂದಿನದರ ಟ್ಯಾಂಕ್ ಅದಕ್ಕೆ ಆಗುವುದಿಲ್ಲ. ಆದ್ದರಿಂದ ಅಂಗಡಿಗೆ ಬರೀ ಮಾಡೆಲ್ ಹೆಸರಲ್ಲ, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಮುಚ್ಚಳ, ಲಾಕ್ ಸಾಮಾನ್ಯವಾಗಿ ಬೇರೆಯೇ ಕೊಳ್ಳಬೇಕು. ಹಳೆಯದನ್ನೇ ಹಾಕುವುದಾದರೆ ಬಾಯಿಯ ಅಳತೆ, ಸ್ಕ್ರೂ ತೂತು ಹೊಂದುತ್ತದೆಯೇ ನೋಡಿ.

ಗುಜರಿಯಿಂದ ತರುವ ಟ್ಯಾಂಕಾದರೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೈಮೇಲೆ ಮೆಲ್ಲಗೆ ಎಳೆಯಿರಿ. ಹಿಡಿತ ಸಡಿಲಾಗುವ ಕಡೆ ಬಣ್ಣದಡಿ ತಗ್ಗು ತುಂಬಿದ ದಪ್ಪ ಪುಟ್ಟಿ ಇದೆ. ಬಾಯಿಯಿಂದ ಟಾರ್ಚ್ ಬಿಟ್ಟು ತಳದ ಮೂಲೆ ನೋಡಿ. ತೆಳು ಕಂದು ಪುಡಿಯಾದರೆ ತೊಳೆದು ಸರಿ ಮಾಡಬಹುದು, ಪದರ ಪದರವಾಗಿ ಏಳುತ್ತಿದ್ದರೆ ಬಿಟ್ಟುಬಿಡಿ ಮಾರಾಯ್ರೇ. ತಳದ ವೆಲ್ಡಿಂಗ್ ಸಾಲಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪೆಟ್ರೋಲ್ ಜಿನುಗಿ ಹೊಸ ಬಣ್ಣವನ್ನು ಒಳಗಿಂದಲೇ ಎಬ್ಬಿಸುತ್ತದೆ. ನೀರು ತುಂಬಿಸಿ ಒಂದು ರಾತ್ರಿ ಕಾಗದದ ಮೇಲಿಟ್ಟರೆ ಗೊತ್ತಾಗುತ್ತದೆ. ಆಮೇಲೆ ಪೂರ್ತಿ ಒಣಗಿಸಿ, ಒಳಗೆ ಸ್ವಲ್ಪ ಇಂಜಿನ್ ಆಯಿಲ್ ಆಡಿಸಿಡಿ, ಫಿಟ್ ಮಾಡುವ ಮೊದಲು ಪೆಟ್ರೋಲಿನಲ್ಲಿ ತೊಳೆಯಿರಿ.

ಲೋಕಲ್ ಟ್ಯಾಂಕಿಗೆ ಬಳಿದಿರುವ ಕಪ್ಪು ಲೇಪವನ್ನು ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹೊಡೆಯುವ ತಳಪದರ) ಎಂದು ನಂಬಬೇಡಿ. ತಿನ್ನರ್ ಅದ್ದಿದ ಬಟ್ಟೆಯಲ್ಲಿ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲವಾದರೆ ಮೇಲಿನ ಬಣ್ಣದ ತಿನ್ನರ್ ಅದನ್ನು ಕರಗಿಸಿ ಸುಕ್ಕು ಬರುತ್ತದೆ.

ಸೈಡ್ ಪ್ಯಾನೆಲ್, ಹಿಂದಿನ ಕೌಲ್ (ಸೀಟಿನ ಹಿಂಬದಿಯ ಹೊದಿಕೆ) ಕೊಳ್ಳುವಾಗ ಒಳಮೈ ತಿರುಗಿಸಿ. ಎಬಿಎಸ್ ಅಥವಾ ಪಿಪಿ (ಎರಡೂ ಪ್ಲಾಸ್ಟಿಕ್‌ನ ಬಗೆ) ಎಂದು ಅಚ್ಚಾಗಿರುತ್ತದೆ. ಗುರುತಿಲ್ಲದಿದ್ದರೆ ಒಳ ಅಂಚಿನಿಂದ ಒಂದು ಚೂರು ಕೆತ್ತಿ ನೀರಿಗೆ ಹಾಕಿ. ತೇಲಿದರೆ ಪಿಪಿ, ಮುಳುಗಿದರೆ ಬಹುಮಟ್ಟಿಗೆ ಎಬಿಎಸ್. ಪಿಪಿಗೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಯಾವ ಬಣ್ಣವೂ ಹಿಡಿಯುವುದಿಲ್ಲ, ಉಗುರಿನಲ್ಲಿ ಎಳೆದರೆ ಸಿಪ್ಪೆಯಂತೆ ಬರುತ್ತದೆ. ಎಬಿಎಸ್‌ನ ತೊಂದರೆ ಬೇರೆ: ತಿನ್ನರಿನಲ್ಲಿ ಒರೆಸಿದರೆ ಮೈ ಮೆತ್ತಗಾಗಿ ಬಿರುಕು ಬಿಡಬಹುದು. ಅದಕ್ಕೆ ಸೋಪು ನೀರು ಸಾಕು. ಗ್ರಾಮೆಟ್‌ಗೆ (ರಬ್ಬರ್ ಬಳೆಗೆ) ಸಿಕ್ಕುವ ಲಗ್‌ಗಳನ್ನು, ಅಂದರೆ ಪ್ಯಾನೆಲ್ಲಿನ ಗೂಟಗಳನ್ನು, ಒಂದೊಂದಾಗಿ ಅಲುಗಿಸಿ ನೋಡಿ. ಅಂಟು ಹಾಕಿದ ಲಗ್ ಮೂರು ಸಲ ಬಿಚ್ಚುವಷ್ಟರಲ್ಲಿ ಮುರಿಯುತ್ತದೆ.

ಇಲ್ಲಿ ಸಿಗದ್ದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಬಹುದು. ಪ್ಯಾಕ್ ಮಾಡುವ ಮೊದಲು ಎರಡೂ ಬದಿಯ ಫೋಟೋ ಕೇಳಿ. ಬಂದದ್ದನ್ನು ಬಣ್ಣಕ್ಕೆ ಕೊಡುವ ಮೊದಲು ಬೈಕಿಗೆ ಕೂರಿಸಿ, ಬೋಲ್ಟ್ ಬಿಗಿದು ನೋಡಲೇಬೇಕು. ಬಣ್ಣ ಹೊಡೆದ ಪಾರ್ಟನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಟ್ಯಾಂಕ್, ಎರಡು ಸೈಡ್ ಪ್ಯಾನೆಲ್, ಮಡ್‌ಗಾರ್ಡ್, ಕೌಲ್‌ಗೆ ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ತಲಾ ಅರ್ಧ ಲೀಟರ್ ಹಿಡಿದುಕೊಳ್ಳಿ. ಬಣ್ಣ ಮಾತ್ರ 100 ಮಿ.ಲೀ. ಹೆಚ್ಚಿಗೆ ಮಾಡಿಸಿ ಟಚ್‌ಅಪ್‌ಗೆ ಎತ್ತಿಡಿ. ಟ್ಯಾಂಕಿನ ಕ್ಲಿಯರ್ ಹಾರ್ಡ್‌ನರ್ ಬೆರೆಸುವ 2ಕೆ ಆಗಿರಲಿ. ಸಾದಾ ಸ್ಪ್ರೇ ಡಬ್ಬಿಯದು ಮುಚ್ಚಳದ ಸುತ್ತ ಪೆಟ್ರೋಲ್ ಚೆಲ್ಲಿದರೆ ಕರಗುತ್ತದೆ. 2ಕೆ ಹೊಡೆಯುವವರು ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಲಿ, ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು.

ಉಜ್ಜಿ ಬರಿದಾದ ಕಬ್ಬಿಣ ಇಲ್ಲಿಯ ಉಪ್ಪುಗಾಳಿಗೆ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ, ಬೆವರಿನ ಕೈ ಮುಟ್ಟಿದ ಜಾಗ ಮೊದಲು. ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಪುಟ್ಟಿಯನ್ನು ಒಣಗಿದ್ದಂತೆಯೇ ಉಜ್ಜಿಸಿ. ವಾಟರ್ ಪೇಪರ್ ಹಾಕಿ ಉಜ್ಜಿದರೆ ಪುಟ್ಟಿ ನೀರು ಹೀರುತ್ತದೆ, ಆ ನೀರು ಮುಂದೆ ಬಿಸಿಲಿಗೆ ಗುಳ್ಳೆಯಾಗಿ ಏಳುತ್ತದೆ. ಪ್ರೈಮರ್ ಮೇಲೆ 600, 800 ನಂಬರಿನ ವಾಟರ್ ಪೇಪರ್ ಹಾಕಬಹುದು. ಪಂಪ್‌ನ ಗ್ಯಾಸ್ಕೆಟ್ ಕೂರುವ ಜಾಗ ಮತ್ತು ಲಗ್‌ಗಳಿಗೆ ಟೇಪ್ ಹಚ್ಚಿಸಿ. ಗ್ಯಾಸ್ಕೆಟ್ ಜಾಗದಲ್ಲಿ ಬಣ್ಣ ನಿಂತರೆ ಪೆಟ್ರೋಲ್ ಸೋರುತ್ತದೆ.

ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಮುಗಿಸಿ. ಮಳೆಗಾಲದ ಗಾಳಿಯಲ್ಲಿ ಹೊಡೆದ ಬಣ್ಣ ಹಾಲು ಬೆರೆಸಿದಂತೆ ಮಂಕಾಗುತ್ತದೆ: ತಿನ್ನರ್ ಆರುವಾಗ ಮೈ ತಣ್ಣಗಾಗಿ ತೇವ ಕೂರುವುದೇ ಕಾರಣ. ಬೇಸಗೆಯಲ್ಲೂ ಇಬ್ಬನಿ ಆರಿದ ಮೇಲೆಯೇ ಪೇಂಟರ್ ಸ್ಪ್ರೇ ಗನ್ ಹಿಡಿಯಲಿ, ಕಂಪ್ರೆಸರ್‌ನ ನೀರು ದಿನಾ ಬಸಿಯಲಿ.

ಆರ್‌ಸಿಯಲ್ಲಿ ಬೈಕಿನ ಬಣ್ಣ ನಮೂದಾಗಿರುತ್ತದೆ. ಕಪ್ಪು ಹೋಗಿ ಹಸಿರು ಬಂದರೆ ಆರ್‌ಟಿಒದಲ್ಲಿ ಅದನ್ನೂ ಬದಲಿಸಬೇಕು, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಇದನ್ನು ಪಾರ್ಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.