ಭಾರದ ಸ್ವಿಮ್‌ಬೇಟಿಗೆ ಎಂಥ ಬೇಟ್‌ಕಾಸ್ಟಿಂಗ್ ರೀಲು?

ನಾನು ಕಳೆದುಕೊಂಡ ಮೊದಲ ಸ್ವಿಮ್‌ಬೇಟನ್ನು, ಅಂದರೆ ಈಜುವ ಮೀನಿನಂತೆ ಮಾಡಿದ ಗಾಳದ ಹುಸಿಮೀನನ್ನು, ಯಾವ ಮೀನೂ ಕಿತ್ತುಕೊಂಡು ಹೋಗಲಿಲ್ಲ. ಬೀಸಿ ಎಸೆದ ಮರುಕ್ಷಣವೇ ರೀಲಿನ ಸ್ಪೂಲಿನಲ್ಲಿ, ಅಂದರೆ ದಾರ ಸುತ್ತಿಕೊಳ್ಳುವ ಉರುಳೆಯಲ್ಲಿ, ದಾರ ಸಿಕ್ಕುಗಟ್ಟಿ ನಿಂತಿತು, ಪಟ್ಟೆಂದು ತುಂಡಾಯಿತು, 85 ಗ್ರಾಂ ತೂಕದ ಆ ಹುಸಿಮೀನು ಮಾತ್ರ ತನ್ನ ಪಾಡಿಗೆ ಹಾರಿ ನಡುನೀರಿನಲ್ಲಿ ಬಿದ್ದು ಮುಳುಗಿತು. ತಪ್ಪಿನಲ್ಲಿ ಅರ್ಧ, ಸ್ಪೂಲನ್ನು ಒತ್ತಿ ತಡೆಯಬೇಕಿದ್ದ ನನ್ನ ಹೆಬ್ಬೆರಳಿನದು. ಉಳಿದರ್ಧ ರೀಲಿನದು ಎನ್ನಲು ಮನಸ್ಸಾಗುತ್ತದೆಯಾದರೂ, ಆ ರೀಲನ್ನು ಆ ಕೆಲಸಕ್ಕೆ ಆರಿಸಿದವನು ನಾನೇ ಆದ್ದರಿಂದ ಅದೂ ನನ್ನ ಲೆಕ್ಕಕ್ಕೇ ಸೇರುತ್ತದೆ. ಅಂದು ನನ್ನ ಕೈಯಲ್ಲಿದ್ದದ್ದು 10–20 ಗ್ರಾಂ ಹುಸಿಮೀನುಗಳನ್ನು ದಿನವಿಡೀ ಚೆನ್ನಾಗಿ ಎಸೆಯುತ್ತಿದ್ದ, ಅಂಗೈಯೊಳಗೆ ಅಡಗುವಷ್ಟು ಚಿಕ್ಕ ರೀಲು. ಅದರ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಡ್ರ್ಯಾಗಿನ (ಮೀನು ಜಗ್ಗಿದಾಗ ದಾರವನ್ನು ತಡೆತಡೆದು ಬಿಡುವ ಏರ್ಪಾಡಿನ) ಅಂಕಿಯನ್ನು ನೋಡಿ, ಇದು ಯಾವ ಭಾರವನ್ನಾದರೂ ತಡೆದೀತು ಎಂದು ನಂಬಿದ್ದೆ.

ಸ್ವಿಮ್‌ಬೇಟ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಮೃದುವಾದ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಎಳೆದಾಗ ಅತ್ತಿತ್ತ ಬಡಿಯುವ ಚಪ್ಪಟೆ ಬಾಲವನ್ನು ಕೊಟ್ಟವು ಒಂದು ಬಗೆ. ಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತುಂಡುಗಳನ್ನು ಕೀಲುಗಳಿಂದ ಜೋಡಿಸಿ, ಹಾವಿನಂತೆ ಬಳುಕುವಂತೆಯೋ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುವಂತೆಯೋ ಮಾಡಿದವು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ಒಂದೇ ಕೀಲಿದ್ದು ಅಗಲವಾಗಿ ಜಾರುವುದನ್ನು ಗ್ಲೈಡ್‌ಬೇಟ್ ಎನ್ನುತ್ತಾರೆ. ಚಿಕ್ಕವು 15 ಗ್ರಾಂ ತೂಗಿದರೆ ದೊಡ್ಡವು 200 ಗ್ರಾಂ ದಾಟುತ್ತವೆ. ಕ್ಯಾಲಿಫೋರ್ನಿಯಾದ ಜಲಾಶಯಗಳಲ್ಲಿ ತಂದು ಬಿಟ್ಟ ಟ್ರೌಟ್ ಮೀನುಗಳನ್ನು ತಿಂದು ಬೆಳೆದ ಭಾರಿ ಬಾಸ್ ಮೀನುಗಳಿಗಾಗಿಯೇ ಅಂಗೈಗಿಂತ ಉದ್ದವಾದ ಹುಸಿಟ್ರೌಟುಗಳು ಬಳಕೆಗೆ ಬಂದದ್ದರಿಂದ, ಈ ಬಗೆಯ ಗಾಳಗಾರಿಕೆಯಲ್ಲಿ ತೂಕಕ್ಕೆ ಅಂಜುವ ಮಾತೇ ಇಲ್ಲ. ಆದ್ದರಿಂದ ರೀಲು ಆರಿಸಲು ಹೊರಟವರು ಮೊದಲು ತೂಗಿ ನೋಡಬೇಕಾದದ್ದು ರೀಲನ್ನಲ್ಲ, ತಾವು ಹೆಚ್ಚು ಹೊತ್ತು ಎಸೆಯಲಿರುವ ಹುಸಿಮೀನನ್ನು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ನನ್ನ ಅನುಭವದಲ್ಲಿ ಸುಮಾರು 45 ಗ್ರಾಂವರೆಗೆ ಸಾಮಾನ್ಯ ಗಾತ್ರದ ಒಳ್ಳೆಯ ರೀಲು ಸಾಕು. 60 ಗ್ರಾಂ ದಾಟಿದ ಮೇಲೆ ದೊಡ್ಡ ಸ್ಪೂಲಿನ ರೀಲು ಬೇಕೇ ಬೇಕು.

ದೊಡ್ಡ ಸ್ಪೂಲು ಏಕೆ ಬೇಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಆಯ್ಕೆಗಳೂ ಇದನ್ನೇ ಹಿಂಬಾಲಿಸುತ್ತವೆ. ಭಾರದ ಹುಸಿಮೀನಿಗೆ ದಪ್ಪ ದಾರ ಬೇಕು. 20 ಅಥವಾ 25 ಪೌಂಡ್ ಎಳೆತ ತಾಳುವ ಮೊನೊ (ಒಂದೇ ಎಳೆಯ ನೈಲಾನ್) ಇಲ್ಲವೇ ಫ್ಲೋರೋಕಾರ್ಬನ್ ದಾರ ಇಲ್ಲಿ ಸಾಮಾನ್ಯ. ದಾರದ ವ್ಯಾಸ ಹೆಚ್ಚಾದಂತೆ ಸ್ಪೂಲಿನಲ್ಲಿ ಹಿಡಿಸುವ ಉದ್ದ ವ್ಯಾಸದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 0.33 ಮಿಲಿಮೀಟರ್ ದಾರವನ್ನು 100 ಮೀಟರ್ ಹಿಡಿಸುವ ರೀಲಿಗೆ 0.45 ಮಿಲಿಮೀಟರ್ ದಾರ ಸುತ್ತಿದರೆ ಹಿಡಿಸುವುದು ಹೆಚ್ಚುಕಡಿಮೆ 54 ಮೀಟರ್ ಮಾತ್ರ. ಉದ್ದವಾದ ಒಂದು ಎಸೆತಕ್ಕೆ 40 ಮೀಟರ್ ಹೊರಟುಹೋದರೆ ಸ್ಪೂಲಿನ ತಳವೇ ಕಾಣತೊಡಗುತ್ತದೆ, ಮೀನು ಕಚ್ಚಿ ಓಡಲು ಉಳಿಯುವುದು ಹದಿನಾಲ್ಕು ಮೀಟರ್.

ದಾರ ಮುಗಿದುಹೋಗುವ ಭಯಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ, ಮತ್ತು ಅದು ಯಾವ ಪೆಟ್ಟಿಗೆಯ ಮೇಲೂ ಅಚ್ಚಾಗಿರುವುದಿಲ್ಲ. ಎಸೆದ ಮೇಲೆ ಸ್ಪೂಲಿನ ಮೇಲಿನ ದಾರದ ಸುತ್ತು ಸಣ್ಣದಾಗುವುದರಿಂದ ಹಿಡಿಕೆಯ ಒಂದೊಂದು ಸುತ್ತಿಗೆ ಒಳಬರುವ ದಾರವೂ ಕಡಿಮೆಯಾಗುತ್ತದೆ. ಲೆಕ್ಕ ಹಾಕಿ ನೋಡೋಣ. ತುಂಬಿದಾಗ ದಾರದ ಸುತ್ತಿನ ವ್ಯಾಸ 34 ಮಿಲಿಮೀಟರ್, ಅಗಲ 22 ಮಿಲಿಮೀಟರ್ ಇರುವ, 6.3:1 ಗೇರಿನ, ಅಂದರೆ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲು 6.3 ಸುತ್ತು ತಿರುಗುವ, ಚಿಕ್ಕ ರೀಲೊಂದಿದೆ ಎಂದುಕೊಳ್ಳಿ. ಹಿಡಿಕೆಯ ಒಂದು ಸುತ್ತಿಗೆ ಅದು ಸುಮಾರು 67 ಸೆಂಟಿಮೀಟರ್ ದಾರ ಎಳೆಯುತ್ತದೆ. 0.45 ಮಿಲಿಮೀಟರ್ ದಾರ 40 ಮೀಟರಿನಷ್ಟು ಹೊರಹೋದ ಮೇಲೆ ಸುತ್ತಿನ ವ್ಯಾಸ 26 ಮಿಲಿಮೀಟರಿಗೆ ಇಳಿದು, ಅದೇ ಸುತ್ತಿಗೆ 51 ಸೆಂಟಿಮೀಟರ್ ಮಾತ್ರ ಬರುತ್ತದೆ. 43 ಮಿಲಿಮೀಟರ್ ವ್ಯಾಸ, 26 ಮಿಲಿಮೀಟರ್ ಅಗಲ, 5.8:1 ಗೇರು ಇರುವ ದೊಡ್ಡ ರೀಲಿನಲ್ಲಿ ಅಷ್ಟೇ ದಾರ ಹೊರಹೋದರೆ 78 ಸೆಂಟಿಮೀಟರ್ ಇದ್ದದ್ದು 69ಕ್ಕೆ ಇಳಿಯುತ್ತದೆ, ಅಷ್ಟೇ. ಅಂದರೆ ಗೇರಿನ ಅಂಕಿ ಕಡಿಮೆಯಿದ್ದರೂ ದೊಡ್ಡ ರೀಲೇ ಹೆಚ್ಚು ದಾರವನ್ನು ಎಳೆಯುತ್ತದೆ, ದೂರದಲ್ಲೂ ಹತ್ತಿರದಲ್ಲೂ ಹೆಚ್ಚುಕಡಿಮೆ ಒಂದೇ ವೇಗವನ್ನು ಕೊಡುತ್ತದೆ. ಹುಸಿಮೀನು ಒಂದೇ ಹದದಲ್ಲಿ ಈಜುತ್ತಿರಬೇಕೆಂಬುದೇ ಸ್ವಿಮ್‌ಬೇಟಿನ ಜೀವಾಳವಾಗಿರುವಾಗ ಇದು ಸಣ್ಣ ಮಾತಲ್ಲ.

ಗೇರಿನ ವಿಷಯದಲ್ಲಿ ಜನ ಮಾಡುವಷ್ಟು ಚರ್ಚೆಗೆ ಆಧಾರವಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ತೀರಾ ತಳ್ಳಿಹಾಕುವಂತೆಯೂ ಇಲ್ಲ. ಮೃದುವಾದ ಚಪ್ಪಟೆ ಬಾಲದ ಬೇಟನ್ನು ತಳಕ್ಕೆ ಹತ್ತಿರವಾಗಿ ನಿಧಾನವಾಗಿ ಎಳೆಯುವವರಿಗೆ 5 ರಿಂದ 6ರ ಆಸುಪಾಸಿನ ಗೇರು ಹಿತ. ವೇಗದ ಗೇರಿನಲ್ಲಿಯೂ ನಿಧಾನವಾಗಿ ತಿರುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ತಿರುಗಿಸಬಹುದು, ಆದರೆ ನೀರಿನಲ್ಲಿ ತಡೆಯೊಡ್ಡುತ್ತ ಬರುವ ದಪ್ಪ ಹುಸಿಮೀನಿನ ಭಾರ ಆಗ ನೇರವಾಗಿ ಮಣಿಕಟ್ಟಿನ ಮೇಲೆ ಬೀಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೈ ತಾನಾಗಿಯೇ ಅವಸರ ಮಾಡತೊಡಗುತ್ತದೆ. ಗ್ಲೈಡ್‌ಬೇಟಿನ ಕಥೆ ಬೇರೆ. ಅದನ್ನು ಹಿಡಿಕೆಯ ಕಾಲು ಸುತ್ತು, ಅರ್ಧ ಸುತ್ತುಗಳಲ್ಲಿ ತಟ್ಟಿ ತಟ್ಟಿ ಆಡಿಸುವುದರಿಂದ ದಾರ ಆಗಾಗ ಸಡಿಲವಾಗುತ್ತದೆ. ಮೀನು ಹಿಂದಿನಿಂದ ಬಂದು ಕಚ್ಚಿ ನಮ್ಮತ್ತಲೇ ಈಜಿದರೆ ಆ ಸಡಿಲವನ್ನು ಕ್ಷಣದಲ್ಲಿ ಬಿಗಿಮಾಡಬೇಕು. ಅಲ್ಲಿ 7ಕ್ಕೆ ಮೇಲ್ಪಟ್ಟ ಗೇರಿಗೆ ಅರ್ಥವಿದೆ. ಎರಡನ್ನೂ ಮಾಡುವವರು, ಒಂದೇ ರೀಲು ಕೊಳ್ಳುವುದಾದರೆ, 6ರಿಂದ 7ರ ನಡುವಿನದನ್ನು ಕೊಂಡು ನೆಮ್ಮದಿಯಾಗಿರಬಹುದು.

ಇನ್ನು ನನ್ನನ್ನು ದಾರಿ ತಪ್ಪಿಸಿದ ಡ್ರ್ಯಾಗಿನ ಅಂಕಿ. 25 ಪೌಂಡಿನ ದಾರ ಎಂದರೆ ಹನ್ನೊಂದು ಕಿಲೋಗ್ರಾಂ ಚಿಲ್ಲರೆ ಎಳೆತಕ್ಕೆ ತುಂಡಾಗುವ ದಾರ. ಡ್ರ್ಯಾಗನ್ನು ದಾರದ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬಿಗಿಮಾಡುವುದು ರೂಢಿ. ಅಂದರೆ ನಮಗೆ ನಿಜವಾಗಿ ಬೇಕಾದದ್ದು ಮೂರು, ಹೆಚ್ಚೆಂದರೆ ನಾಲ್ಕು ಕಿಲೋ. ಪೆಟ್ಟಿಗೆಯ ಮೇಲೆ ಎಂಟಿದ್ದರೂ ಹನ್ನೆರಡಿದ್ದರೂ ವ್ಯತ್ಯಾಸವಾಗದು. ಕಾರ್ಬನ್ ವಾಷರುಗಳ ಡ್ರ್ಯಾಗು ಮೊದಲ ಎಳೆತಕ್ಕೆ ತಡವರಿಸದೆ ನಯವಾಗಿ ಬಿಟ್ಟುಕೊಡುತ್ತದೆಯೇ ಎಂಬುದೇ ಮುಖ್ಯ. ಆ ಅಂಕಿ ಹೇಳದ, ಆದರೆ ನಾವು ಕೇಳಲೇಬೇಕಾದ ಪ್ರಶ್ನೆ ಚೌಕಟ್ಟಿನದು. ನನ್ನ ಚಿಕ್ಕ ರೀಲು ದಾರ ಕಡಿದುಕೊಂಡ ಮೇಲೆಯೂ ಪಾಠ ಕಲಿಯದೆ ಅದರಲ್ಲಿಯೇ ಒಂದು ಋತು ಪೂರ್ತಿ ಭಾರದ ಹುಸಿಮೀನುಗಳನ್ನು ಎಳೆದೆ. ಋತು ಮುಗಿಯುವ ಹೊತ್ತಿಗೆ ಹಿಡಿಕೆ ತಿರುಗಿಸಿದರೆ ಒಳಗೆ ಮರಳು ಅರೆದಂತೆ ಸದ್ದಾಗುತ್ತಿತ್ತು. ಎಳೆತಕ್ಕೆ ಚೌಕಟ್ಟು ಕೂದಲೆಳೆಯಷ್ಟು ಬಾಗಿದರೂ ಗೇರಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಸವೆತ ಅಲ್ಲಿಂದಲೇ ಶುರು. ಆದ್ದರಿಂದ ಚೌಕಟ್ಟು ಅಲ್ಯೂಮಿನಿಯಮ್ಮಿನದಾಗಿರಲಿ, ಮುಖ್ಯ ಗೇರು ಹಿತ್ತಾಳೆಯದಾಗಿದ್ದರೆ ಮತ್ತೂ ಒಳ್ಳೆಯದು. ಹಿತ್ತಾಳೆ ತೂಕ ಹೆಚ್ಚಿಸುತ್ತದೆ, ಆದರೆ ಬಾಳಿಕೆ ಬರುತ್ತದೆ. ಬೇರಿಂಗುಗಳ ಸಂಖ್ಯೆಗೆ ಮರುಳಾಗುವ ಅಗತ್ಯವಿಲ್ಲ. ಹತ್ತು ಸಾಧಾರಣ ಬೇರಿಂಗುಗಳಿಗಿಂತ ಸ್ಪೂಲಿನ ಎರಡು ಬದಿಯಲ್ಲಿ ಎರಡು ಒಳ್ಳೆಯವಿದ್ದರೆ ಕೆಲಸ ನಡೆಯುತ್ತದೆ.

ಬ್ರೇಕಿನ ಮಾತು ಬಂದಾಗ ಬೇಟ್‌ಕಾಸ್ಟಿಂಗ್ ರೀಲಿನ ಮೂಲ ತೊಡಕನ್ನು ನೆನಪಿಡಬೇಕು. ಎಸೆದಾಗ ಇಲ್ಲಿ ಸ್ಪೂಲೇ ತಿರುಗುತ್ತದೆ. ಹುಸಿಮೀನು ದಾರವನ್ನು ಎಳೆದೊಯ್ಯುವ ವೇಗಕ್ಕಿಂತ ಸ್ಪೂಲಿನ ವೇಗ ಹೆಚ್ಚಾದರೆ ಹೊರಹೋಗದ ದಾರ ಅಲ್ಲೇ ಉಬ್ಬಿ ಸಿಕ್ಕಾಗುತ್ತದೆ. ಅಯಸ್ಕಾಂತದ ಬ್ರೇಕಿನ ತಡೆ ಹೆಚ್ಚುಕಡಿಮೆ ವೇಗದ ಪ್ರಮಾಣದಲ್ಲಿ ಏರುತ್ತದೆ, ಸ್ಪೂಲು ತಿರುಗಿದಂತೆ ಚಿಕ್ಕ ತುಂಡುಗಳು ಹೊರಕ್ಕೆ ಸರಿದು ಉಜ್ಜಿ ತಡೆಯುವ ಕೇಂದ್ರಾಪಗಾಮಿ ಬ್ರೇಕಿನ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಭಾರದ ಹುಸಿಮೀನನ್ನು ಸಿಡಿಸಿ ಎಸೆಯದೆ, ಎರಡೂ ಕೈಗಳಿಂದ ಉದ್ದನೆಯ ಗಾಳದ ಕೋಲನ್ನು ತುಂಬು ವೃತ್ತದಲ್ಲಿ ಬೀಸಿ ತೇಲಿಬಿಡುವುದರಿಂದ ನಡುಹಾದಿಯಲ್ಲಿ ತೊಂದರೆ ಕಡಿಮೆ. ಅಪಾಯವಿರುವುದು ಎರಡು ಗಳಿಗೆಗಳಲ್ಲಿ: ಸ್ಪೂಲು ಒಮ್ಮೆಲೇ ಜಗ್ಗಿಸಿಕೊಂಡು ಹೊರಡುವ ಮೊದಲ ಗಳಿಗೆ, ಹಾಗೂ ಅಗಲ ಮೈಯ ಗ್ಲೈಡ್‌ಬೇಟ್ ಗಾಳಿಗೆ ಅಡ್ಡಬಿದ್ದು ನಿಧಾನವಾಗುವ ಗಳಿಗೆ. ಮೊದಲನೆಯದಕ್ಕೆ ಕೇಂದ್ರಾಪಗಾಮಿ ಬ್ರೇಕು ಸೊಗಸಾಗಿ ಒದಗುತ್ತದೆ, ಎರಡನೆಯದಕ್ಕೆ ಹೆಬ್ಬೆರಳೇ ಗತಿ. ಎಲೆಕ್ಟ್ರಾನಿಕ್ ಬ್ರೇಕಿನ ರೀಲುಗಳು ಇವೆರಡನ್ನೂ ತಾವೇ ಸಂಭಾಳಿಸಲು ನೋಡುತ್ತವೆ. 100 ಗ್ರಾಂ ಮೀರಿದ ಭಾರಕ್ಕೆ ಅಷ್ಟು ಸೂಕ್ಷ್ಮತೆ ನನಗೆ ಅಗತ್ಯವೆನಿಸಿಲ್ಲ.

ಹೆಣೆದ ದಾರ ಬಳಸುವವರು 65 ಅಥವಾ 80 ಪೌಂಡಿನದನ್ನು ಹಾಕುತ್ತಾರೆ. ತೆಳುವಾದ ಹೆಣೆದ ದಾರ ಎಳೆತದಲ್ಲಿ ತನ್ನದೇ ಸುತ್ತುಗಳ ನಡುವೆ ಹುದುಗಿಕೊಂಡು ಮುಂದಿನ ಎಸೆತದಲ್ಲಿ ಥಟ್ಟನೆ ನಿಂತುಬಿಡುತ್ತದೆ, ಹುಸಿಮೀನು ಹಾರಿಹೋಗಲು ಅದೂ ಸಾಕು. ಸ್ಪೂಲಿನ ತಳದಲ್ಲಿ ಕೆಲವು ಸುತ್ತು ಮೊನೊ ದಾರ ಇಲ್ಲದಿದ್ದರೆ ಹೆಣೆದ ದಾರದ ಉಂಡೆಯೇ ಇಡಿಯಾಗಿ ಜಾರುವುದೂ ಉಂಟು.

ಹಿಡಿಕೆ ಉದ್ದವಾಗಿರಲಿ, ತುದಿಯ ಗುಬುಟು ಬೆರಳುಗಳಿಗೆ ತುಂಬ ಸಿಗುವಂತಿರಲಿ; ಚಿಕ್ಕ ರೀಲುಗಳ 90 ಮಿಲಿಮೀಟರಿನ ಹಿಡಿಕೆಗಿಂತ 100–110 ಮಿಲಿಮೀಟರಿನದು ಎಳೆಯುವಾಗ ಎದ್ದು ಕಾಣುವಷ್ಟು ಹಗುರವೆನಿಸುತ್ತದೆ. ಎಡಗೈಯೋ ಬಲಗೈಯೋ ಎಂಬುದು ಅಭ್ಯಾಸದ ಪ್ರಶ್ನೆ. ತೂಕ ಮಾತ್ರ ಯೋಚಿಸಬೇಕಾದದ್ದು. ಚಿಕ್ಕ ರೀಲು 200 ಗ್ರಾಂ ಆಸುಪಾಸಿನಲ್ಲಿದ್ದರೆ ದೊಡ್ಡದು 300 ಗ್ರಾಂ ಮುಟ್ಟುತ್ತದೆ, ಕೆಲವು ದಾಟುತ್ತವೆ. ಎಂಟು ಅಡಿಯ ದಪ್ಪ ಕೋಲಿನ ಮೇಲೆ ಈ ಹೆಚ್ಚುವರಿ ತೂಕ ಹೊರೆಯಾಗುವ ಬದಲು ಕೋಲಿನ ತುದಿಭಾರವನ್ನು ಸರಿದೂಗಿಸುತ್ತದೆ ಎಂಬುದನ್ನು ನಾನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ನಂಬಿದ್ದು.

ಮಾದರಿಗಳ ಹೆಸರು ಕೇಳುವವರಿಗೆ: ಶಿಮಾನೊದ ಟ್ರ್ಯಾಂಕ್ಸ್ ಮತ್ತು ಕ್ಯುರಾಡೊ 300, ಡೈವಾದ ಲೆಕ್ಸಾ ಮತ್ತು ಟಾಟುಲಾ 300 ಈ ಕೆಲಸಕ್ಕೆ ಹೆಚ್ಚು ಕೇಳಿಬರುವ ತಗ್ಗು ಮೈಯ ರೀಲುಗಳು. 300, 400 ಎಂಬ ಅಂಕಿಗಳು ಆಯಾ ಕಂಪನಿಯ ಒಳಗಿನ ಅಳತೆಗಳು. ಒಂದು ಕಂಪನಿಯ 300 ಇನ್ನೊಂದರ 300ಕ್ಕೆ ಸಮವಾಗಿರಲೇಬೇಕೆಂದಿಲ್ಲ, ಆದ್ದರಿಂದ ದಾರದ ವ್ಯಾಸ ಮತ್ತು ಉದ್ದದ ಕೋಷ್ಟಕವನ್ನೇ ಹೋಲಿಸಬೇಕು. ದುಂಡು ಮೈಯ ರೀಲುಗಳಿಗೆ ನನ್ನಲ್ಲಿ ಸ್ವಲ್ಪ ಪಕ್ಷಪಾತವಿದೆ. ಆಬು ಕಂಪನಿಯ ಆಂಬಾಸಡರ್ 6500 ಹಳೆಯ ವಿನ್ಯಾಸದ್ದಾದರೂ ಅದರ ಚೌಕಟ್ಟು ಮಿಸುಕುವುದಿಲ್ಲ. ಆ ಕಂಪನಿ 1921ರಲ್ಲಿ ಸ್ವೀಡನ್ನಿನಲ್ಲಿ ಗಡಿಯಾರದ ಕಾರ್ಖಾನೆಯಾಗಿ ಹುಟ್ಟಿತು. ಅದಕ್ಕೂ ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಕೆಂಟಕಿಯಲ್ಲಿ ಗೇರಿನ ರೀಲು ಮಾಡಿದ ಜಾರ್ಜ್ ಸ್ನೈಡರ್ ಕೂಡ ಗಡಿಯಾರ ಮಾಡುವವನೇ. ಹಲ್ಲಿಗೆ ಹಲ್ಲು ಸರಿಯಾಗಿ ಕೂರಬೇಕೆಂಬ ಹಟ ಆ ಕಸುಬಿನಿಂದಲೇ ಬಂದಿರಬೇಕು.

ಕೊಂಡ ಮೇಲೆ ಒಂದು ಎಚ್ಚರಿಕೆ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಕ್ಲಚ್ಚಿಗೆ ದಪ್ಪ ಗ್ರೀಸು ಹಚ್ಚಬಾರದು. ಹಚ್ಚಿದರೆ ಗಾಳ ಕಚ್ಚಿಸಲು ಕೋಲನ್ನು ಜಗ್ಗಿದ ಗಳಿಗೆಯಲ್ಲಿಯೇ ಅದು ಜಾರುತ್ತದೆ, ಬೆರಳ ಗೆಣ್ಣಿಗೆ ಹಿಡಿಕೆ ಬಡಿಯುತ್ತದೆ, ಮೀನೂ ಹೋಗುತ್ತದೆ. ಸ್ಪೂಲಿನ ಬೇರಿಂಗಿಗೆ ಒಂದೇ ಹನಿ ತೆಳು ಎಣ್ಣೆ, ಗೇರಿಗೆ ಗ್ರೀಸು, ಇಷ್ಟೇ.

ಆ ಚಿಕ್ಕ ರೀಲನ್ನು ನಾನು ಎಸೆಯಲಿಲ್ಲ. ಗೇರು ಬದಲಾಯಿಸಿ, 12 ಪೌಂಡಿನ ದಾರ ಸುತ್ತಿ, ಬೆರಳುದ್ದದ 18 ಗ್ರಾಂ ಮೃದು ಸ್ವಿಮ್‌ಬೇಟುಗಳಿಗೆ ಮೀಸಲಿಟ್ಟಿದ್ದೇನೆ. ಈಗ ಅದರಲ್ಲಿ ಮರಳು ಅರೆಯುವ ಸದ್ದಿಲ್ಲ.